ಯಾವ ಸೊನ್ನೆಯಿಂದ?

ತಾಲ್ಕಾವಾನೊ ಬಂದರಿನ ಕಚೇರಿಯಲ್ಲಿ, ರಾತ್ರಿ ಎರಡಕ್ಕೆ,
ಹೊಸದಾಗಿ ಬಂದ ಬಿಲ್ಡ್ ಯಂತ್ರ ತಾನಾಗಿ ಏಳುತ್ತದೆ,
ಯಾರೂ ಎಬ್ಬಿಸುವುದಿಲ್ಲ.
ನಿನ್ನೆ ತಿದ್ದಿದ ಸಾಲುಗಳನ್ನು ಎಳೆದುಕೊಂಡು
ಉಬ್ಬರವಿಳಿತದ ಲೆಕ್ಕ ಹಾಕುವ ಪ್ರೋಗ್ರಾಮನ್ನು
ಮೊದಲಿಂದ ಕಟ್ಟಲು ಕೂರುತ್ತದೆ.
ಐದಕ್ಕೆ ಸಾರ್ಡೀನ್ ದೋಣಿಗಳು ಹೊರಡುವ ಮುಂಚೆ
ಪಟ್ಟಿ ಗೋಡೆಗೆ ಅಂಟಬೇಕು.

ಮೂರು ಬೆಳಗು ಗೋಡೆ ಬರಿದಾಗಿತ್ತು.

ಬಂದು ನೋಡಿದರೆ ಪರದೆಯ ಮೇಲೆ ಒಂದು ಸಾಲು,
ಟೊಪ್ಪಿ ಕೈಲಿ ಹಿಡಿದು ಬಾಗಿಲಲ್ಲಿ ನಿಂತವನ ಹಾಗೆ:
"ನಮಸ್ಕಾರ. ತಮ್ಮ ಕಂಪೈಲರ್ ಎಲ್ಲಿದೆ, ದಯವಿಟ್ಟು ಹೇಳಿ."
ಕೆಳಗೆ ಕರ್ಸರ್. ಮಿಣುಕು. ಮಿಣುಕು.
ರಾತ್ರಿಯಿಡೀ ಅದು ಕತ್ತಲೆಯನ್ನು ವಿಚಾರಿಸುತ್ತ ನಿಂತಿತ್ತು.

ಬರೆದವರು ದೋನ್ ಬಾಲ್ದೊಮೆರೊ. ಮೂವತ್ತು ವರ್ಷದ ಹಿಂದೆ.
ಆಗ ಯಂತ್ರವೆಂದರೆ ಅದರೆದುರು ಒಬ್ಬ ಮನುಷ್ಯ,
ಪಕ್ಕದಲ್ಲಿ ಚಹಾ, ಬೆಣ್ಣೆಹಣ್ಣು ಸವರಿದ ಬ್ರೆಡ್ಡು;
ಕೇಳಿದ್ದಕ್ಕೆ ಹೇಳಲು ಇಡೀ ಮಧ್ಯಾಹ್ನವಿತ್ತು ಅವನಿಗೆ.
ಅದಕ್ಕೇ ಸ್ಕ್ರಿಪ್ಟು ಕೇಳುತ್ತದೆ, ಹನ್ನೆರಡು ಪ್ರಶ್ನೆ,
ನೆಂಟರನ್ನು ಎಲೆಯ ಮುಂದೆ ಕೂರಿಸುವ ಮೊದಲಿನ ಉಪಚಾರ:
ಗಣಿತದ ಲೈಬ್ರರಿ ಯಾವ ಕಪಾಟಿನಲ್ಲಿ?
ಸಾಮಾನು ಎಲ್ಲಿ ಇಳಿಸಲಿ?
ನಿಜವಾಗಿಯೂ ಮುಂದುವರಿಯಲೇ?
ಏನಾದರೂ ಸಿಗದಿದ್ದರೆ "ಕ್ಷಮಿಸಿ" ಎಂದು ಬರೆದು
ಸೊನ್ನೆ ಕೈಗಿತ್ತು ಹೊರಟುಬಿಡುತ್ತದೆ.

ಯಂತ್ರಕ್ಕೆ ಕ್ಷಮೆ ಓದಲು ಬಾರದು.
ಅದು ನೋಡುವುದು ಸೊನ್ನೆಯನ್ನು ಮಾತ್ರ;
ಸೊನ್ನೆ ಎಂದರೆ ಎಲ್ಲ ಸುಸೂತ್ರ. ಮುಂದೆ.

ಕೂತೆ. ಪ್ರಶ್ನೆಗಳನ್ನು ಒಂದೊಂದಾಗಿ ಕಿತ್ತೆ,
ಬೇಯಿಸಿದ ಮೀನಿನ ಮುಳ್ಳು ಬಿಡಿಸಿದಂತೆ.
ಕಂಪೈಲರನ್ನು ನೀನೇ ಹುಡುಕಿಕೊ ಎಂದೆ.
ಸಿಗದಿದ್ದರೆ ಕ್ಷಮೆ ಬೇಡ, ಒಂದು ಎಂದು ಕೂಗಿ ಬಿದ್ದುಬಿಡು.
ಉತ್ತರಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟೆ,
ಹೊರಗೆ ಹೊರಟವಳು ಫ್ರಿಜ್ಜಿಗೆ ಅಂಟಿಸಿದ ಚೀಟಿ.
"ನಿಜವಾಗಿಯೂ?" ಎಂಬುದಕ್ಕೆ ಸದಾ ಹೌದು.
ಹನ್ನೊಂದು ಹೋದವು.

ಹನ್ನೆರಡನೆಯದು:
"ಸಮುದ್ರವನ್ನು ಯಾವ ಸೊನ್ನೆಯಿಂದ ಅಳೆಯುತ್ತೀರಿ?"

ಇದಕ್ಕೇನು, ಹಳೆಯ ಅಂಕಿ ಇಲ್ಲೇ ಇದೆಯಲ್ಲ.
ಬೆರಳು ಕೀಲಿಯ ಮೇಲಿತ್ತು. ಯಾಕೋ ಫೋನ್ ಮಾಡಿದೆ.

"ಓರಿಯಾನಾ? ಜೋರಾಗಿ ಹೇಳು, ಬಲಗಿವಿ ಸತ್ತಿದೆ.
ಏನು, ಎಲ್ಲ ತೆಗೆದೆಯಾ? ನಮಸ್ಕಾರವನ್ನೂ?"
ಹೂಂ ಅಂದೆ. ಆಚೆ ಸ್ವಲ್ಪ ಹೊತ್ತು ಕೋಳಿಗಳ ಸದ್ದು.
"ಇರಲಿ. ಯಾರೂ ಇಲ್ಲದ ಕೋಣೆಗೆ ಯಾಕೆ ನಮಸ್ಕಾರ.
ಆದರೆ ಕೊನೆಯದಕ್ಕೆ ನೀನಾಗಿ ಉತ್ತರ ತುಂಬಬೇಡ.
ಭೂಮಿ ನಡುಗಿದ ವರ್ಷ ದಕ್ಷಿಣದ ದಂಡೆಯಲ್ಲಿ
ಬಂಡೆಗಳು ಆಳೆತ್ತರ ಮೇಲೆದ್ದವು, ಗೊತ್ತಲ್ಲ,
ಚಿಪ್ಪುಗಳು ಬಿಸಿಲಿಗೆ ಬಾಯಿಬಿಟ್ಟು ಬೆಳ್ಳಗಾದವು.
ಅಳತೆಗಂಬದ ಸೊನ್ನೆ ಒಣ ಮರಳಲ್ಲಿ ನಿಂತಿತ್ತು.
ಹಳೆಯದನ್ನೇ ನಂಬಿ ಒಳಬಂದ ನನ್ನ ಷಡ್ಡಕನ ದೋಣಿ
ನೀರಿದೆ ಎಂದು ನನ್ನ ಪಟ್ಟಿ ಹೇಳಿದಲ್ಲೇ
ಹೊಟ್ಟೆ ಹರಿದುಕೊಂಡಿತು.
ಈಜಿ ಬಂದ. ಬಂದವನು ಬಟ್ಟೆ ಹಿಂಡುತ್ತ
ನನ್ನನ್ನೇ ಕೇಳಿದ ಈ ಪ್ರಶ್ನೆ.
ಅವನ ಮಾತನ್ನೇ ಆ ಸಂಜೆ ಸ್ಕ್ರಿಪ್ಟಿಗೆ ಸೇರಿಸಿದೆ."

ಫೋನಿಟ್ಟು ಬಹಳ ಹೊತ್ತು ಏನೂ ಬರೆಯಲಿಲ್ಲ.
ಆಮೇಲೆ ಬರೆದೆ: ಸೊನ್ನೆ ಯಾವುದೆಂದು ಕಡತ ಹೇಳದಿದ್ದರೆ
ಕಾಯಬೇಡ, ಊಹಿಸಲೂ ಬೇಡ.
ನಿಲ್ಲಿಸು. ಕೆಂಪು ದೀಪ ಹಾಕು. ನನ್ನನ್ನು ಎಬ್ಬಿಸು.

ಈಗ ಎರಡಕ್ಕೆ ಏಳುತ್ತದೆ, ಎರಡೂ ಹನ್ನೊಂದಕ್ಕೆ ಮುಗಿಸುತ್ತದೆ.
ಯಾರಿಗೂ ಗೊತ್ತಾಗುವುದಿಲ್ಲ.

ಹೋದ ಮಂಗಳವಾರ ಮಾತ್ರ ಎರಡೂ ನಾಲ್ಕಕ್ಕೆ ಎಬ್ಬಿಸಿತು.
ತುಬುಲ್ ಕೊಲ್ಲಿಯಲ್ಲಿ ಹೊಸ ಕಂಬ ನೆಟ್ಟವರು
ಅಂಕಿ ಬರೆಯಲು ಮರೆತಿದ್ದರು.
ಕೋಟು ಹುಡುಕುತ್ತ ಬೈದೆ, ಅವರನ್ನು, ಯಂತ್ರವನ್ನು, ಮುದುಕನನ್ನು.
ಬೆಳಕು ಹರಿಯುವಾಗ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ.
ಕಂಬಕ್ಕೆ ಇನ್ನೂ ಬಣ್ಣದ ವಾಸನೆ.
ಅಲೆ ಗೀಟಿನ ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ;
ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿಕೊಂಡು
ಅದು ಸುಮ್ಮನಾಗಲೆಂದು ಕಾದೆ.